ಉಪ್ಪಿಲ್ಲದ ರೀಲು

ಗಾಳದ ರೀಲನ್ನು ಅವಳು ನಾಲಿಗೆಗೆ ತಗುಲಿಸಿ ನೋಡಿದಳು. ಉಪ್ಪಿರಲಿಲ್ಲ.

ಹಿಡಿಕೆಯ ಸಂದಿಯನ್ನೂ ದಾರ ಸುತ್ತಿದ ಅಂಚನ್ನೂ ನೆಕ್ಕಿದಳು. ಬರೀ ತಣ್ಣನೆಯ ಲೋಹ.

"ಮೇಡಂ, ಅದು ಕೊಲೆ ಕೇಸಿನ ಮಾಲು," ಎಂದ ಮುಖ್ಯ ಪೇದೆ. "ಬೇಕಾದ್ರೆ ಚಹಾ ತರಿಸ್ತೀನಿ. ಅದನ್ನ ಯಾಕೆ ನೆಕ್ತೀರಿ?"

"ಕಡಲಲ್ಲಿ ಗಾಳ ಹಾಕೋಕೆ ಹೋದ ರೀಲು ಇದು. ಉಪ್ಪುನೀರು ಒಣಗಿ ಬಿಳಿ ಪುಡಿ ಕೂತಿರಬೇಕಿತ್ತು. ಚಿಟಿಕೆ ಉಪ್ಪೂ ಇಲ್ಲ. ಇದನ್ನ ಯಾರೋ ಸಿಹಿನೀರಲ್ಲಿ ತೊಳೆದಿದಾರೆ."

"ತೊಳೆದಿರ್ತಾರೆ ಬಿಡಿ. ಶುಚಿಯಾದ ಜನ."

"ಹೆಣದ ಪಕ್ಕ ಕೂತ್ಕೊಂಡಾ?"

ಮುಖ್ಯ ಪೇದೆಯ ನಗು ಅರ್ಧಕ್ಕೆ ನಿಂತಿತು. ನಿನ್ನೆ ಬೆಳಿಗ್ಗೆ ಹಿನ್ನೀರಿನ ಕೆಸರಿನಲ್ಲಿ ಹೂತು ನಿಂತಿದ್ದ ದೋಣಿಯನ್ನು ಮೊದಲು ಹತ್ತಿದವನು ಅವನೇ. ಹಿನ್ನೀರಿಗೆ ಮಣ್ಣು ತುಂಬಿಸುತ್ತಿದ್ದ ಗುತ್ತಿಗೆದಾರ ಅದರಲ್ಲಿ ಕೂತ ಹಾಗೇ ಸತ್ತಿದ್ದ. ಕತ್ತಿನ ಸುತ್ತ ನೈಲಾನ್ ಎಳೆ ಕೊರೆದ ಗೆರೆ, ಕೆನ್ನೆಯಲ್ಲಿ ಸಿಕ್ಕಿಸಿದ ಗರಿಗಾಳ. ಕೊಕ್ಕೆಗೆ ಹಕ್ಕಿಯ ಗರಿ ಸುತ್ತಿ ಮರಿಮೀನಿನ ವೇಷ ಹಾಕಿಸುತ್ತಾರಲ್ಲ, ಅಂಥದ್ದು. ಗಾಳದ ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ಆ ದೋಣಿ ಇವಳ ಭಾವನದು.

"ದೋಣೀಲಿ ಕುಡಿಯೋ ನೀರಿನ ಕ್ಯಾನು ಇತ್ತಲ್ಲ?"

"ಇತ್ತು. ಖಾಲಿ. ಬಿಸಿಲಿಗೆ ಕುಡಿದಿರ್ತಾನೆ ಅಂದ್ಕೊಂಡ್ವಿ."

"ಬೆಳಬೆಳಿಗ್ಗೆ ಒಬ್ಬನೇ ಅಷ್ಟು ನೀರು ಕುಡಿಯೋಕೆ ಅವನೇನು ಎಮ್ಮೇನಾ?"

ರೀಲಿನ ಪಕ್ಕದಲ್ಲೊಂದು ತಿರುಪು ಇರುತ್ತದೆ. ಮೀನು ದಾರ ಎಳೆದುಕೊಂಡು ಓಡುವಾಗ ಎಷ್ಟು ಬಿಗಿ ಕೊಡಬೇಕೆಂದು ತೀರ್ಮಾನಿಸುವುದು ಆ ತಿರುಪೇ. ಅವಳು ಅದನ್ನು ಹಿಂದಕ್ಕೆ ತಿರುಗಿಸಿದಳು. ಒಂದೇ ಒಂದು 'ಟಿಕ್'. ಅಲ್ಲಿಗೆ ತಿರುಪು ಪೂರ್ತಿ ಸಡಿಲವಾಯಿತು. ಅಂದರೆ ಯಾರೋ ಅದನ್ನು ಸಡಿಲಿಸಿ, ಮತ್ತೆ ಒಂದು ಟಿಕ್ ಮಾತ್ರ ಬಿಗಿ ಮಾಡಿ ಇಟ್ಟಿದ್ದರು. ಆ ಒಂದು ಟಿಕ್ ಯಾಕೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಗೋಡೆಯಾಚೆ ಲಾಠಿ ಬಿದ್ದ ಸದ್ದಾಯಿತು. ಹಿಂದೆಯೇ ಗಂಡಸೊಬ್ಬ ಹಲ್ಲು ಕಚ್ಚಿ ನುಂಗಿದ ನರಳಾಟ. ಆ ಗಂಟಲು ಯಾರದೆಂದು ಅವಳಿಗೆ ಗೊತ್ತಿತ್ತು.

ಇನ್‌ಸ್ಪೆಕ್ಟರಮ್ಮ ಎಂದು ಕರೆಸಿಕೊಂಡು ಬೇರೆ ಊರಿನ ಠಾಣೆಯನ್ನು ನಡುಗಿಸಿದವಳು ಅವಳು. ಈ ಊರಿನಲ್ಲಿ ಅವಳಿಗೆ ಅಧಿಕಾರವೂ ಇಲ್ಲ, ಆರೋಪಿಯ ನಾದಿನಿ ಎಂದ ಮೇಲೆ ಮರ್ಯಾದೆಯೂ ಇಲ್ಲ. ಆದರೂ ಯಾರನ್ನೂ ಕೇಳದೆ ಲಾಕಪ್ಪಿಗೆ ನುಗ್ಗಿದಳು.

ಭಾವನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಅಂಗಾಲು ನೆಲಕ್ಕೆ ಊರಲಾಗದೆ ಕಾಲನ್ನು ಅಡ್ಡ ಮಾಡಿಕೊಂಡು ಕೂತಿದ್ದ. ಠಾಣಾಧಿಕಾರಿ ಲಾಠಿಯನ್ನು ಕಂಕುಳಲ್ಲಿ ಇರುಕಿಕೊಂಡು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಕಷ್ಟಪಟ್ಟು ದುಡಿದವನ ಹಾಗೆ ಬೆವೆತಿದ್ದ ಮಹಾರಾಯ.

ಅವಳು ಭಾವನ ಎರಡೂ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ದೋಣಿ ನೂಕುವ ಜಲ್ಲೆ ಊರಿ ಊರಿ ಕಾಯಿಕಟ್ಟಿದ ಕೈ. ಎಲ್ಲೂ ಸೀಳಿರಲಿಲ್ಲ.

"ಸಾರ್, ಗುತ್ತಿಗೆದಾರ ಗೂಳಿಯಂಥ ಆಳು. ಅವನ ಕತ್ತಿಗೆ ನೈಲಾನ್ ಎಳೆ ಹಾಕಿ ಜಗ್ಗಿದವರ ಕೈ ಕುಯ್ಯದೆ ಇರುತ್ತಾ? ಈ ಕೈ ನೋಡಿ."

"ಕೈಗವಸು ಹಾಕ್ಕೊಂಡಿದ್ದ."

"ಸಿಕ್ತಾ ಕೈಗವಸು?"

"ಕಡಲು ದೊಡ್ಡದಮ್ಮ," ಎಂದ ಠಾಣಾಧಿಕಾರಿ. "ಹೋದ ವಾರ, ಹೆಂಡತಿ ತಂಟೆಗೆ ಬಂದ ಅಂತ, ಜೆಟ್ಟಿಯಲ್ಲಿ ಇಡೀ ಊರಿನ ಎದುರು ಇವನು ಗುತ್ತಿಗೆದಾರನ ಕೊರಳಪಟ್ಟಿ ಹಿಡಿದಿದ್ದ. ನಿನ್ನೆ ಬೆಳಿಗ್ಗೆ ಎಲ್ಲಿದ್ದೆ ಅಂದ್ರೆ ಬಾಯಿ ಬಿಡಲ್ಲ. ನಾನಿನ್ನೇನು ಮಾಡ್ಲಿ, ಆರತಿ ಎತ್ಲಾ?"

ಅವಳು ಅವನ ಮಾತಿಗೆ ಕಿವಿಗೊಡದೆ ಮಂಡಿಯೂರಿ ಕೂತಳು. "ಭಾವ, ಆ ರೀಲನ್ನ ತೊಳೆದಿದ್ಯಾರು?"

ನಿನ್ನೆಯಿಂದ ಏಟು ತಿಂದೂ ತುಟಿ ಬಿಚ್ಚದವನು ಬೆಚ್ಚಿಬಿದ್ದು ತಲೆಯೆತ್ತಿದ. ತೆರೆದಿದ್ದ ಒಂದು ಕಣ್ಣಿನಲ್ಲಿ ಹೆದರಿಕೆ ಕಂಡಿತು. ಲಾಠಿಗೆ ಹೆದರಿದ್ದಲ್ಲ ಅದು.

"ಅದನ್ನ ಕೇಳಬೇಡ," ಎಂದ ಒಡೆದ ತುಟಿಯಲ್ಲಿ. "ಅಕ್ಕನ್ನ ನೋಡ್ಕೋ. ನೀನು ನಿನ್ನೂರಿಗೆ ಹೋಗಿಬಿಡಮ್ಮ."

"ಸಂಜೆ ವ್ಯಾನು ಬರುತ್ತೆ. ಜಿಲ್ಲಾ ಜೈಲಿಗೆ ಕಳಿಸ್ತೀನಿ," ಎಂದು ಠಾಣಾಧಿಕಾರಿ ಬಾಗಿಲು ತೋರಿಸಿದ. "ಮುಗೀತು ನಿನ್ನ ತನಿಖೆ."

ಜಿಲ್ಲಾ ಜೈಲು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಗುತ್ತಿಗೆದಾರನ ತಮ್ಮನ ಆಳುಗಳು ಒಳಗೂ ಇದ್ದಾರೆ, ಕಾವಲಿನಲ್ಲೂ ಇದ್ದಾರೆ. ಆ ತಮ್ಮ ಬೆಳಿಗ್ಗೆ ಠಾಣೆಯ ಅಂಗಳದಲ್ಲೇ ನಿಂತು, ಅಣ್ಣನನ್ನು ಕೊಂದವನು ಜೈಲಿನ ಅನ್ನ ಎರಡನೇ ಸಲ ಉಣ್ಣುವುದಿಲ್ಲ ಎಂದು ಹೇಳಿ ಹೋಗಿದ್ದ. ಪೊಲೀಸರು ಕೇಳಿಸಿಕೊಂಡು ಕಾಲಬುಡದ ಕಲ್ಲು ನೋಡಿದ್ದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಡಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಮೆಷಿನ್ ಸೂಜಿ ಚುಚ್ಚಿತು. ಮನಸ್ಸು ಎಲ್ಲಿತ್ತೋ," ಎಂದಳು ಅಕ್ಕ. "ಅವರು ಊಟ ಮಾಡ್ತಾರೇನೇ?"

ಭಾವನ ಒಡೆದ ತುಟಿ ನೆನಪಾಗಿ ಅವಳು ಅಕ್ಕನ ಪಕ್ಕ ಕೂತಳು. ಅಪ್ಪನನ್ನು ಕಡಲು ನುಂಗಿದ ಮೇಲೆ ಅವಳನ್ನು ಸಾಕಿದವಳು ಈ ಅಕ್ಕ. ಹೊಲಿಗೆ ಮೆಷಿನ್ನು ತುಳಿದು ತುಳಿದು ಓದಿಸಿದಳು, ಪೊಲೀಸ್ ಮಾಡಿದಳು, ಆಮೇಲೆ ತನ್ನ ಮದುವೆಯ ಯೋಚನೆ ಮಾಡಿದಳು. ದೋಣಿಯವನನ್ನು ಕಟ್ಟಿಕೊಂಡರೂ ಅಪ್ಪ ಹೋದಂದಿನಿಂದ ಇಂದಿನವರೆಗೆ ಅಕ್ಕ ದೋಣಿಗೆ ಕಾಲಿಟ್ಟಿಲ್ಲ. ಮೆಷಿನ್ನನ್ನು ಕೂಡ ಕಡಲಿಗೆ ಬೆನ್ನು ಮಾಡಿ ಇಟ್ಟುಕೊಂಡವಳು.

"ಪುಟ್ಟಿ," ಎಂದಳು ಅಕ್ಕ. ಊರಿಗೆಲ್ಲ ಇನ್‌ಸ್ಪೆಕ್ಟರಮ್ಮನಾದವಳು ಇವಳಿಗೆ ಇನ್ನೂ ಪುಟ್ಟಿ. "ಅವರನ್ನ ಮನೆಗೆ ಕರ್ಕೊಂಡು ಬಾ. ನಂಗೆ ಬೇರೇನೂ ಬೇಡ."

"ಕರ್ಕೊಂಡು ಬರ್ತೀನಿ," ಎಂದು ಅವಳು ಮಾತು ಕೊಟ್ಟಳು.

ಮುಖ್ಯ ಪೇದೆ ಗೇಟಿನವರೆಗೂ ಹಿಂದೆ ಬಂದ. ಅವನಿಗೆ ಗರಿಗಾಳ ಬೀಸಲು ಕಲಿಸಿದವನು ಭಾವನೇ. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ರೀಲನ್ನು ಅವಳ ಚೀಲಕ್ಕೆ ಜಾರಿಸಿದ.

"ವ್ಯಾನು ಹೊರಡೋ ಮುಂಚೆ ನನಗೆ ಇನ್ನೊಬ್ಬರ ಹೆಸರು ಕೊಡಿ ಮೇಡಂ. ಬರೀ ಹೆಸರು. ಮೇಲಿನವರಿಗೆ ಫೋನ್ ಮಾಡಿ ವ್ಯಾನು ನಿಲ್ಲಿಸೋದು ನನ್ನ ಜವಾಬ್ದಾರಿ."

•

ಊರಿಗೆಲ್ಲ ಗರಿಗಾಳ ಕಟ್ಟಿ ಮಾರುವ ಗಾಳದಂಗಡಿಯವ ಆಗಲೇ ದೋಣಿ ಬಿಚ್ಚಿ ಹೊರಟಿದ್ದ. ಅವಳು ಜೆಟ್ಟಿಯಿಂದ ಅದರೊಳಕ್ಕೆ ಹಾರಿದಳು. ಸಣ್ಣ ದೋಣಿ ಒಂದು ಬದಿಗೆ ವಾಲಿ, ನೀರು ಕುಡಿದು, ಮತ್ತೆ ನೆಟ್ಟಗಾಯಿತು.

"ಕೇಳಿದ್ರೆ ಹತ್ತಿಸ್ಕೊಳ್ತಿದ್ದೆನಲ್ಲ," ಎಂದ ಅವನು. ಮಾತಾಡುವಾಗ ಮುಂದಿನ ಕಟ್ಟಿಸಿದ ಹಲ್ಲು ಸ್ವಲ್ಪ ಅಲುಗುತ್ತಿತ್ತು. ಅಸಲು ಹಲ್ಲನ್ನು ಉದುರಿಸಿದವನು ಗುತ್ತಿಗೆದಾರ. ಮೀನು ಬರುವ ತಗ್ಗುನೀರಿಗೆ ಕಲ್ಲುಮಣ್ಣು ಸುರಿಯಬೇಡ ಎಂದಿದ್ದಕ್ಕೆ ಅಂಗಡಿಗೇ ಬಂದು ಗಲ್ಲಾಪೆಟ್ಟಿಗೆಯ ಮೂಲೆಗೆ ಮುಖ ಜಜ್ಜಿದ್ದ. ಮರುವಾರವೇ ಅದೇ ಅಂಗಡಿಗೆ ಗರಿಗಾಳ ಕೊಳ್ಳಲೂ ಬಂದಿದ್ದ. ಅಂಥ ಮನುಷ್ಯ ಅವನು.

ಗಾಳದಂಗಡಿಯವನ ಬೆರಳುಗಳಿಗೆ ಅಂಟುಪಟ್ಟಿ ಸುತ್ತಿತ್ತು. ಅದನ್ನು ಅವಳು ನೋಡಿದ್ದನ್ನು ಅವನೂ ನೋಡಿದ.

"ದಾರ ಕುಯ್ಯುತ್ತೆ ಅಂತ," ಎಂದ. "ನಾವೆಲ್ಲ ಸುತ್ತಿಕೊಳ್ತೀವಿ."

ಇಳಿತ ಶುರುವಾಗಿತ್ತು. ನೀರು ಸೊಂಟದ ಆಳಕ್ಕೆ ಇಳಿದು, ತಳದ ಕೆಸರು, ಏಡಿಯ ತೂತು, ಎಲ್ಲವೂ ಗಾಜಿನೊಳಗಿಟ್ಟ ಹಾಗೆ ಕಾಣುತ್ತಿದ್ದವು. ಅವನು ಹಿಂಭಾಗದ ಹಲಗೆಯ ಮೇಲೆ ನಿಂತು ಜಲ್ಲೆ ಊರುತ್ತ ಸದ್ದಿಲ್ಲದೆ ದೋಣಿ ನೂಕಿದ. ಮೋಟಾರು ಹಚ್ಚಿದರೆ ಮೀನು ಊರು ಬಿಟ್ಟು ಓಡುತ್ತದೆ.

"ಹಿಡಿದ ಮೀನನ್ನ ವಾಪಸ್ ಬಿಡ್ತೀರಂತೆ?"

"ಬಿಡ್ತೀವಿ."

"ಹಾಗಿದ್ರೆ ಹಿಡಿಯೋದ್ಯಾಕೆ?"

"ನೀವೂ ಕಳ್ಳರನ್ನ ಹಿಡೀತೀರಿ, ಕೋರ್ಟು ಬಿಡುತ್ತೆ. ಯಾಕೆ ಅಂತ ನಾವು ಕೇಳ್ತೀವಾ?"

ಅವಳಿಗೆ ನಗು ಬಂತು. ಅವನು ಜಲ್ಲೆಯನ್ನು ಪಕ್ಕಕ್ಕಿಟ್ಟು ಗಾಳದ ಕೋಲು ಎತ್ತಿಕೊಂಡ. ದಪ್ಪ ದಾರ ಅವನ ಬೆನ್ನ ಹಿಂದೆ ಉದ್ದಕ್ಕೆ ಬಿಚ್ಚಿಕೊಂಡು, ಒಂದು ಗಳಿಗೆ ಗಾಳಿಯಲ್ಲಿ ನಿಂತು, ಮುಂದಕ್ಕೆ ಹರಿದು ಹೋಯಿತು. ಗರಿಗಾಳ ಪೊದೆಯ ನೆರಳಿನಲ್ಲಿ ಹಗುರಾಗಿ ಇಳಿಯಿತು. ಎಡಗೈಯಿಂದ ದಾರವನ್ನು ಗೇಣು ಗೇಣಾಗಿ ಎಳೆಯತೊಡಗಿದ. ನೀರಿನಡಿ ಬೆಳ್ಳಿ ಮೈಯೊಂದು ಹಿಂದೆ ಬಂತು, ಬಾಯಿ ತೆರೆಯಿತು, ದೋಣಿಯನ್ನು ಕಂಡು ಮಗುಚಿ ಓಡಿತು.

"ಛೆ," ಎಂದ. ಕೊಲೆಯ ವಿಚಾರದಲ್ಲಿ ಬಾರದ ಬೇಸರ ಈಗ ಅವನ ಮುಖದಲ್ಲಿ ಬಂದಿತ್ತು.

"ರೀಲನ್ನ ಯಾವಾಗ ತೊಳೀತೀರಿ?"

"ದಡ ಮುಟ್ಟಿದ ತಕ್ಷಣ. ಹೆಂಡ್ತಿ, ಊಟ ಎಲ್ಲ ಆಮೇಲೆ. ಉಪ್ಪು ಒಣಗೋಕೆ ಬಿಟ್ಟವನು ನಮ್ಮವನೇ ಅಲ್ಲ. ಮೊದಲು ತಿರುಪು ಬಿಗಿ ಮಾಡ್ಬೇಕು, ಇಲ್ಲದಿದ್ರೆ ಒಳಗೆ ನೀರು ಹೋಗುತ್ತೆ. ಆಮೇಲೆ ಸಿಹಿನೀರು ಸಣ್ಣಗೆ ಬಿಡ್ಬೇಕು. ಒರೆಸ್ಬೇಕು. ಕಡೆಗೆ ತಿರುಪನ್ನ ಪೂರ್ತಿ ಸಡಿಲ ಮಾಡಿ ಇಡ್ಬೇಕು."

"ತಲೆ ಕೆಟ್ಟಿದ್ದಾಗ ಮರೆತುಹೋಗಲ್ವಾ?"

"ತಲೆ ಮರೆಯುತ್ತೆ, ಕೈ ಮರೆಯಲ್ಲ. ನಮ್ಮಪ್ಪ ಸತ್ತ ಸುದ್ದಿ ಬಂದಾಗ ನಾನು ರೀಲು ತೊಳೆದು ಆಮೇಲೆ ಅತ್ತವನು."

"ಸಡಿಲ ಮಾಡಿ, ಮತ್ತೆ ಒಂದು ಟಿಕ್ ಬಿಗಿ ಇಡೋರು ಯಾರಿದಾರೆ?"

ಅವನು ಹುಬ್ಬು ಗಂಟಿಕ್ಕಿದ. "ಯಾಕಿಡ್ತಾರೆ? ಸಡಿಲ ಅಂದ್ರೆ ಸಡಿಲ. ನಾನಂತೂ ನೋಡಿಲ್ಲ." ತನ್ನ ರೀಲಿನ ತಿರುಪನ್ನು ಹಿಂದಕ್ಕೆ ಹೊರಳಿಸಿ ತೋರಿಸಿದ. ಅದು ಕರಕರ ಎನ್ನುತ್ತ ಪೂರ್ತಿ ಬಿಚ್ಚಿಕೊಂಡಿತು.

ಅವಳು ಚೀಲದಿಂದ ಗುತ್ತಿಗೆದಾರನ ರೀಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಸರಿ. ಇದನ್ನ ತೊಳೆದವರು ನೀವಲ್ಲ. ಆದ್ರೆ ಅವನ ಕೆನ್ನೆಯಲ್ಲಿದ್ದ ಗಾಳ ನಿಮ್ಮದು."

"ಊರಲ್ಲಿರೋ ಗರಿಗಾಳ ಎಲ್ಲ ನಾನು ಕಟ್ಟಿದ್ದೇ."

"ಹೌದು. ಭಾವನ ದೋಣಿಗೆ ಬಂದ ಪ್ರತಿ ಗಾಳದ ಹಿಮ್ಮುಳ್ಳನ್ನೂ ಅವರು ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡ್ತಾರೆ. ಬೀಸೋಕೆ ಬರದ ಗಿರಾಕಿ ಕಿವಿಗೆ ಸಿಕ್ಕಿಸಿದ್ರೆ ಸುಲಭವಾಗಿ ಬರಲಿ ಅಂತ. ಕೆನ್ನೆಯಲ್ಲಿದ್ದ ಗಾಳದ ಹಿಮ್ಮುಳ್ಳು ಹಾಗೇ ಇತ್ತು. ಅದು ದೋಣಿಯಲ್ಲಿದ್ದದ್ದಲ್ಲ. ಯಾರೋ ಹೊರಗಿಂದ ತಂದದ್ದು."

ಅವನು ಕೋಲನ್ನು ಎತ್ತಿ ಹಿಂದಕ್ಕೆ ಬೀಸಿದ. ಮೀನು ಕಂಡನೇನೋ ಎಂದು ಅವಳು ನೀರಿನ ಕಡೆ ತಿರುಗಿದಳು. ಅದೇ ತಪ್ಪಾಯಿತು.

ಗಾಳ ಅವಳ ಬಲತೋಳಿಗೆ ಕಚ್ಚಿತು. ಅವನು ಎರಡೂ ಕೈಯಿಂದ ಜಗ್ಗಿದ. ಹಿಮ್ಮುಳ್ಳು ಮಾಂಸದೊಳಗೆ ಹೂತುಹೋಗಿ ಅವಳ ಕಣ್ಣಿಗೆ ಕತ್ತಲೆ ಬಂತು. ಚೇತರಿಸಿಕೊಳ್ಳುವ ಮೊದಲೇ ಜಲ್ಲೆಯ ತುದಿ ಪಕ್ಕೆಗೆ ಬಿತ್ತು. ಉಸಿರು ಹೊರಗೇ ಉಳಿದು, ಅವಳು ಚೀಲ, ರೀಲು ಎಲ್ಲದರ ಸಮೇತ ನೀರಿಗೆ ಬಿದ್ದಳು.

ಕಾಲು ಕೆಸರಿನಲ್ಲಿ ಹೂತಿತು. ಏಳುವಷ್ಟರಲ್ಲಿ ಜಲ್ಲೆ ಅವಳ ಕುತ್ತಿಗೆಯ ಬುಡಕ್ಕೆ ಬಂದು ಒತ್ತಿತು. ಮುಖ ಕೆಸರು ಮುಟ್ಟಿತು. ಉಪ್ಪುನೀರು ಮೂಗಿಗೆ, ಗಂಟಲಿಗೆ ಇಳಿಯಿತು. ಸೊಂಟದಾಳದ ನೀರಿನಲ್ಲಿ ಸಾಯುವುದು ಎಂಥ ನಾಚಿಕೆಗೇಡು ಎಂಬ ಯೋಚನೆ ಅವಳಿಗೆ ಆ ಹೊತ್ತಿನಲ್ಲೂ ಬಂದುಹೋಯಿತು. ಸಿಟ್ಟು ಬಂತು. ಆ ಸಿಟ್ಟೇ ಅವಳನ್ನು ಉಳಿಸಿತು.

ಅವಳು ಜಲ್ಲೆಯನ್ನು ತಳ್ಳುವ ಬದಲು ಹಿಡಿದು ತನ್ನ ಕಡೆಗೆ ಎಳೆದಳು. ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದ ಗಾಳದಂಗಡಿಯವ ಮುಗ್ಗರಿಸಿ ಅವಳ ಮೇಲೆಯೇ ಬಿದ್ದ. ಬಿದ್ದವನು ಭುಜಕ್ಕೆ ಬಾಯಿ ಹಾಕಿ ಕಚ್ಚಿದ. ಕಟ್ಟಿಸಿದ ಹಲ್ಲು ಅಲ್ಲೇ ಉಳಿಯಿತು. ಅವಳು ಅವನ ಕೂದಲು ಹಿಡಿದು ಮುಖವನ್ನು ದೋಣಿಯ ಅಂಚಿಗೆ ಜಜ್ಜಿದಳು. ಮೂಗು ಮುರಿದ ಸದ್ದು ಹಲಗೆಯ ಸದ್ದಿನೊಳಗೆ ಬೇರೆಯಾಗಿ ಕೇಳಿತು. ಮತ್ತೆ ಜಜ್ಜಿದಳು. ಅವನ ಕೈ ಸೊಂಟದ ಚಾಕುವಿಗೆ ಹೋಯಿತು. ಅವಳು ಹೆಬ್ಬೆರಳನ್ನು ಹಿಡಿದು ಹಿಂದಕ್ಕೆ ಮಡಿಸಿದಳು, ಅದು ಬಿಟ್ಟುಕೊಡುವವರೆಗೂ.

ಆಮೇಲೆ ಅವನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದಳು. ನೀರು ಕೆಂಪಗೆ ಕದಡಿತು. ಅವನು ಕಾಲು ಬಡಿಯುವುದು ನಿಧಾನವಾಯಿತು. ಇನ್ನೊಂದು ಚೂರು ಹಿಡಿದರೆ ಸಾಕಿತ್ತು. ಭಾವನ ಮುಚ್ಚಿದ ಕಣ್ಣು ನೆನಪಾಯಿತು, ಲಾಠಿ ಹಿಡಿದು ಬೆವೆತಿದ್ದ ಠಾಣಾಧಿಕಾರಿಯೂ ನೆನಪಾದ. ಅವನ ಹಾಗಾಗುವುದು ಅವಳಿಗೆ ಬೇಕಿರಲಿಲ್ಲ. ಕೂದಲು ಹಿಡಿದು ಮೇಲೆತ್ತಿದಳು.

"ಹೇಳು."

ಅವನು ನೀರು, ರಕ್ತ ಎರಡನ್ನೂ ಕಾರಿದ. "ಕೊಲ್ಲೋಕೇ ಹೋಗಿದ್ದೆ. ಆ ಪೊದೆ ಹಿಂದೆ ದೋಣಿ ನಿಲ್ಸಿ, ನೀರಲ್ಲಿ ನಡ್ಕೊಂಡು ಹೋದೆ. ಹೋಗಿ ನೋಡಿದ್ರೆ ಸತ್ತು ಕೂತಿದ್ದ."

"ಗಾಳ?"

"ಹೊಟ್ಟೆ ಉರೀತು. ಇಷ್ಟು ದಿನ ಹಲ್ಲಿಲ್ಲದ ಬಾಯಲ್ಲಿ ಅನ್ನ ತಿಂದವನು ನಾನು, ಕೊಂದವರು ಇನ್ಯಾರೋ. ನನಗೇನೂ ಉಳಿದಿರಲಿಲ್ಲ. ನನ್ನ ಟೋಪಿಗೆ ಸಿಕ್ಕಿಸ್ಕೊಂಡಿದ್ದ ಗಾಳ ತೆಗೆದು ಕೆನ್ನೆಗೆ ಚುಚ್ಚಿದೆ. ಅಷ್ಟೇ ನಾನು ಮಾಡಿದ್ದು."

"ರೀಲು?"

"ಆಗಲೇ ತೊಳೆದಿತ್ತು. ಹನಿ ಇನ್ನೂ ಆರಿರಲಿಲ್ಲ. ಕೋಲನ್ನ ಒರೆಸಿ ಚೆಂದಾಗಿ ಒರಗಿಸಿದ್ರು. ಅದನ್ನ ನೋಡಿ ನನಗೆ ಹೆಣಕ್ಕಿಂತ ಹೆಚ್ಚು ಭಯ ಆಯ್ತು." ಅವನು ಅಳತೊಡಗಿದ. "ಪೊದೆ ಆಚೆ ಯಾರೋ ನೀರಲ್ಲಿ ನಡೆದುಹೋದ ಸದ್ದು ಬಂತು. ನನ್ನ ಹಾಗೆ ಧಡಧಡ ಅಲ್ಲ. ಹಗುರ ಕಾಲು."

ಸುಳ್ಳು ಹೇಳುವವರು ತಮ್ಮನ್ನು ಒಳ್ಳೆಯವರನ್ನಾಗಿ ಮಾಡಿಕೊಂಡು ಹೇಳುತ್ತಾರೆ. ಇವನು ತನ್ನ ಹೊಲಸನ್ನೆಲ್ಲ ಬಿಚ್ಚಿಟ್ಟಿದ್ದ. ಅವಳು ನಂಬಿದಳು. ನಂಬಿದ್ದರಿಂದ ಅವಳ ಕಷ್ಟ ಹೆಚ್ಚಾಯಿತು, ಏಕೆಂದರೆ ಮುಖ್ಯ ಪೇದೆಗೆ ಕೊಡಲು ಈಗ ಅವಳ ಬಳಿ ಯಾರ ಹೆಸರೂ ಇರಲಿಲ್ಲ.

ಕೆಸರಿನಲ್ಲಿ ತಡಕಾಡಿ ಚೀಲವನ್ನೂ ರೀಲನ್ನೂ ಹುಡುಕಿದಳು. ಅವನನ್ನು ಅವನದೇ ದಾರದಿಂದ ಕಟ್ಟಿ, ಜೆಟ್ಟಿಯ ಕಂಬಕ್ಕೆ ಬಿಗಿದು ಬಂದಳು.

•

ತೋಳಿನಲ್ಲಿ ಗಾಳ ನೇತುಹಾಕಿಕೊಂಡು ಠಾಣೆಗೆ ಹೋಗುವಂತಿರಲಿಲ್ಲ. ಅಕ್ಕನ ಮನೆ ಜೆಟ್ಟಿಯ ಹಿಂದಿನ ಬೀದಿಯಲ್ಲೇ ಇತ್ತು.

ಅಕ್ಕ ಮೆಷಿನ್ನಿನ ಮುಂದಿದ್ದಳು. ಸಂಕಟ ಹೆಚ್ಚಾದಾಗಲೆಲ್ಲ ಅವಳು ಹೊಲಿಯುತ್ತಾಳೆ. ತಂಗಿಯ ರಕ್ತ ನೋಡಿದವಳೇ ಕಾಲು ನಿಲ್ಲಿಸಿದಳು. ಅಷ್ಟು ಗಾಬರಿಯಲ್ಲೂ ಬಟ್ಟೆ ಬಿಡಿಸಿ, ನೂಲಿನ ಬಿಗಿಯ ತಿರುಪನ್ನು ಸಡಿಲಿಸಿ, ಮತ್ತೆ ಚೂರು ಹೊರಳಿಸಿ, ಅದು ಸಣ್ಣಗೆ ಸದ್ದು ಮಾಡಿದ ಮೇಲೆಯೇ ಎದ್ದಳು. ಪುಟ್ಟಿಗೆ ನೆನಪಿರುವ ಕಾಲದಿಂದ ಅಕ್ಕನ ದಿನ ಆ ಸದ್ದಿನಿಂದಲೇ ಮುಗಿ‍ಯುತ್ತಿತ್ತು. ಅದು ಈಗ ಅವಳ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

"ಯಾರೇ ಮಾಡಿದ್ದು ಹೀಗೆ?"

"ಗಾಳದಂಗಡಿಯವನು. ಅವನು ಕೊಂದಿಲ್ಲ ಅಕ್ಕ. ಗಾಳ ತೆಗಿ ಮೊದಲು, ಕತ್ತರಿಯಿಂದ ಕುಯ್ದಾದ್ರೂ ಸರಿ."

ಅಕ್ಕ ಕತ್ತರಿ ಮುಟ್ಟಲಿಲ್ಲ. ದಪ್ಪ ನೂಲನ್ನು ಗಾಳದ ಬಾಗಿಗೆ ಕುಣಿಕೆ ಹಾಕಿ, ಒಂದು ಬೆರಳಿನಿಂದ ಗಾಳದ ಬೆನ್ನನ್ನು ತೋಳಿಗೆ ಒತ್ತಿ ಹಿಡಿದಳು. "ಅಪ್ಪನ ಟೋಪಿ ತುಂಬ ಗಾಳ ಇರ್ತಿತ್ತು, ನೆನಪಿದೆಯೇನೇ ನಿಂಗೆ?" ಎಂದಳು. ಪುಟ್ಟಿ ನೆನಪಿಸಿಕೊಳ್ಳುವಷ್ಟರಲ್ಲಿ ನೂಲನ್ನು ಫಟ್ಟನೆ ಎಳೆದಳು. ಗಾಳ ಹಾರಿ ಗೋಡೆಗೆ ಬಡಿದು ಬಿತ್ತು. ಒಂದು ಹನಿ ರಕ್ತ ಬಂತು, ಅಷ್ಟೇ.

"ಇದನ್ನೆಲ್ಲಿ ಕಲಿತೆ?"

"ಹೊಲಿಗೆಯವಳಿಗೆ ಸೂಜಿ ತೆಗೆಯೋದು ಹೊಸದಾ?" ಎಂದು ಅಕ್ಕ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. "ಅವರ ವಿಷಯ ಹೇಳು. ವ್ಯಾನು ಯಾವಾಗ? ನಿಲ್ಲಿಸೋಕಾಗಲ್ವಾ?"

"ಕೊಂದವರ ಹೆಸರು ಸಿಕ್ಕಿದ್ರೆ ನಿಲ್ಲಿಸಬಹುದು."

ಅಕ್ಕ ಒದ್ದೆ ಚೀಲವನ್ನು ಎತ್ತಿಕೊಂಡು ಹಿತ್ತಲ ಕಡೆ ಹೋದಳು. ಪುಟ್ಟಿ ಗೋಡೆಗೊರಗಿ ಕಣ್ಣು ಮುಚ್ಚಿ ಯೋಚಿಸಿದಳು. ಹಗುರ ಕಾಲು. ಉಪ್ಪು ಒಣಗಲು ಬಿಡದ ಕೈ. ಕುಯ್ದ ಬೆರಳು. ಭಾವನಿಗೆ ಗೊತ್ತಿರುವ ಯಾರೋ. ಅವನು ಏಟು ತಿಂದಾದರೂ ಉಳಿಸಬೇಕೆಂದುಕೊಂಡಿರುವ ಯಾರೋ.

ನೀರು ಸುರಿಯುವ ಸದ್ದಿಗೆ ಕಣ್ಣು ಬಿಟ್ಟಳು.

ಅಕ್ಕ ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬೆನ್ನು ಈ ಕಡೆಗಿತ್ತು. ಒದ್ದೆಯಾದ ಚೀಲವನ್ನು ಖಾಲಿ ಮಾಡಿ, ಕೆಸರಾದ ಬಟ್ಟೆ ಹಿಂಡಿ ಬದಿಗಿಟ್ಟಿದ್ದಳು. ಮೈಯೆಲ್ಲ ಉಪ್ಪುನೀರಾಗಿದ್ದ ರೀಲು ಅವಳ ಕೈಯಲ್ಲಿತ್ತು. ಮನಸ್ಸು ಎಲ್ಲೋ ಇದ್ದು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ತಿರುಪನ್ನು ಬಿಗಿ ಮಾಡಿದಳು. ತಂಬಿಗೆಯಿಂದ ಸಣ್ಣ ಧಾರೆಯಲ್ಲಿ ಸಿಹಿನೀರು ಬಿಟ್ಟಳು. ರೀಲನ್ನು ತಿರುಗಿಸಿ, ಸಂದಿಗೆ ಬಿಟ್ಟಳು. ಹಳೆಯ ಬಟ್ಟೆಯಿಂದ ಒರೆಸಿದಳು. ತಿರುಪನ್ನು ಹಿಂದಕ್ಕೆ ಹೊರಳಿಸಿ ಪೂರ್ತಿ ಸಡಿಲ ಮಾಡಿದಳು.

ಮೆಷಿನ್ನಿನ ತಿರುಪನ್ನು ಹೇಗೋ ಹಾಗೆಯೇ, ಮತ್ತೆ ಮುಂದಕ್ಕೆ ಒಂದೇ ಒಂದು ಸಲ ತಿರುಗಿಸಿದಳು.

ಟಿಕ್.

ಪುಟ್ಟಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿ ನೋಡಿದಳು. ಅಕ್ಕನ ಎಡಗೈಯ ಬಟ್ಟೆ ನೀರಿಗೆ ನೆನೆದು ಬಿಚ್ಚಿಕೊಂಡಿತ್ತು. ಬೆರಳುಗಳ ಒಳಬದಿಯಲ್ಲಿ ಗಾಯ ಒಂದೇ ಸಮನೆ ಕೆಂಪಗೆ ಓಡಿತ್ತು. ಸೂಜಿ ಚುಚ್ಚಿದರೆ ಚುಕ್ಕೆಯಾಗುತ್ತದೆ, ಗೆರೆಯಾಗುವುದಿಲ್ಲ.

ಮೇಜಿನ ಮೇಲೆ ಅಕ್ಕನ ಫೋನು ಬಡಿದುಕೊಂಡಿತು. ಪುಟ್ಟಿ ನೋಡದೆಯೇ ಎತ್ತಿಕೊಂಡಳು. ಮುಖ್ಯ ಪೇದೆಯ ದನಿ ಇಡೀ ಕೋಣೆಗೆ ಕೇಳುವಷ್ಟು ಜೋರಾಗಿತ್ತು.

"ಮೇಡಂ, ವ್ಯಾನು ಬಂತು. ನಿಮ್ಮ ಭಾವನ್ನ ಹತ್ತಿಸ್ತಿದಾರೆ. ಗೇಟ್ ಹತ್ರ ಗುತ್ತಿಗೆದಾರನ ತಮ್ಮನ ಜೀಪು ಕಾಯ್ತಾ ನಿಂತಿದೆ. ಜೆಟ್ಟೀಲಿ ಗಾಳದಂಗಡಿಯವನನ್ನ ಕಟ್ಟಿಹಾಕಿದ್ದು ನೀವೇ ಅಂತೆ. ಇವನೇನಾ ಮೇಡಂ? ಹೂಂ ಅನ್ನಿ ಸಾಕು. ಅವರನ್ನ ಇಳಿಸಿ ಇವನನ್ನ ಹತ್ತಿಸ್ತೀನಿ. ಮೇಡಂ? ಕೇಳಿಸ್ತಿದೆಯಾ?"

ಅಕ್ಕ ತಿರುಗಿದಳು. ತಂಗಿಯ ಮುಖ ನೋಡಿದಳು, ತಂಗಿಯ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದ ರೀಲನ್ನು ಅದು ಅಲ್ಲಿಗೆ ಹೇಗೆ ಬಂತೆಂದು ತಿಳಿಯದವಳ ಹಾಗೆ ನೋಡಿದಳು. ಅದನ್ನು ಒಣಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಹೇಳು, ಪುಟ್ಟಿ," ಎಂದಳು.

ಯಾರ ಹೆಸರು ಎಂದು ಅಕ್ಕ ಹೇಳಲಿಲ್ಲ.